ತನ್ನ ಜಾಗದಲ್ಲೇ ತಿರುಗಿದ ಮೂಲೆ

ಕೆಂಪು, ಮತ್ತೂ ಕೆಂಪು, ಬಸ್ಸಿನ ಕಿಟಕಿಯ ಗಾಜು ಎಳೆದು ಮುಚ್ಚಿದರೂ ಸಂದಿಯಲ್ಲಿ ನುಗ್ಗಿ ಬಂದು ಮಡಿಲಲ್ಲಿರುವ, ತಿರುಗಿಸಿ ಬಣ್ಣ ಹೊಂದಿಸುವ ಕ್ಯೂಬಿನ ಮೇಲೆ ಕೂರುವ ಈ ಅದಿರಿನ ಧೂಳು, ಮುಂದೊಂದು ಲಾರಿ, ಅದರ ಮುಂದೊಂದು ಲಾರಿ, ಟಾರ್ಪಾಲು ಕಟ್ಟಿದ ಶಾಸ್ತ್ರ ಮಾಡಿಕೊಂಡು ಊರೆಲ್ಲ ಉದುರಿಸಿಕೊಂಡು ಹೋಗುವ ಲಾರಿಗಳು — ಆಸ್ಫಿಯಾ ದುಪಟ್ಟಾದ ತುದಿಯಿಂದ ಕ್ಯೂಬನ್ನು ಒರೆಸುತ್ತಾಳೆ, ಮತ್ತೆ ಕೂರುತ್ತದೆ, ಮತ್ತೆ ಒರೆಸುತ್ತಾಳೆ, ಎಲ್ಲ ಬಣ್ಣವೂ ತಂತಮ್ಮ ಮನೆ ಸೇರಿವೆ, ಒಂದು ಮೂಲೆ ಬಿಟ್ಟು, ಒಂದೇ ಒಂದು ಮೂಲೆ, ಅದು ಕೂತಿರುವ ಜಾಗವೂ ಅದರದ್ದೇ, ಆದರೆ ಹಳದಿ ಇರಬೇಕಾದ ಕಡೆ ಕೆಂಪು ತೋರಿಸಿಕೊಂಡು ಮುಖ ತಿರುವಿ ಕೂತಿದೆ, ಬೆಳಿಗ್ಗೆ ವೇದಿಕೆಯ ಮೇಲೆ ಅವಳು ಕೈಬಿಟ್ಟಾಗ ಹೇಗಿತ್ತೋ ಹಾಗೆಯೇ. ಪಕ್ಕದ ಸೀಟಿನಲ್ಲಿ ಗೌಸ್ ಭಾಯಿ, ಒಡಹುಟ್ಟಿದ ಅಣ್ಣ, ಮೊಣಕಾಲು ಕುಣಿಸುತ್ತ ಕೂತಿದ್ದಾನೆ, ಹೋಗ್ಲಿ ಬಿಡವಾ ಆಸ್ಫಿ, ಆಟ ಅಂದ್ಮ್ಯಾಗ ಸೋಲೂ ಐತಿ, ಅನ್ನುತ್ತಾನೆ, ಬಸ್ ಹತ್ತಿದಾಗಿನಿಂದ ಎಷ್ಟನೆಯ ಸಲವೋ, ಸೋತಿದ್ದಕ್ಕೆ ಬೈದಿದ್ದರೆ ಎಷ್ಟೋ ವಾಸಿಯಿತ್ತು, ಯಾವತ್ತೂ ಬೈಯುವವನು ಇವತ್ತು ಯಾಕೆ ಬೈಯುತ್ತಿಲ್ಲ.

ಮೊದಲನೆಯ ಕ್ಯೂಬ್ ತಂದುಕೊಟ್ಟವನೂ ಅವನೇ, ಬ್ರೂಸ್‌ಪೇಟೆಯಲ್ಲಿ ಅಬ್ಬಾನಿಗೆ ಗುಂಡಿ, ದಾರ ಕೊಳ್ಳಲು ಹೋದವನು ಪ್ಲಾಸ್ಟಿಕ್ ಸಾಮಾನಿನ ಅಂಗಡಿಯಿಂದ ಎತ್ತಿಕೊಂಡು ಬಂದಿದ್ದ, ತಗೋ, ಬಾಯಿ ಮುಚ್ಚಿಕೊಂಡು ಕೂತಿರ್ತಿ, ಅಂದಿದ್ದ, ನಿಜಕ್ಕೂ ಮುಚ್ಚಿಕೊಂಡೇ ಕೂತಳು, ಸಿರುಗುಪ್ಪದ ಮನೆಯಲ್ಲಿ ಹೊಲಿಗೆ ಮಿಷನ್ನಿನ ಪಕ್ಕದ ಚಾಪೆಯ ಮೇಲೆ, ಅಮ್ಮಿ ಕರೆದರೂ ಕೇಳಿಸದ ಹಾಗೆ. ಬಿಗಿಯಾಗಿದೆಯೆಂದು ಅಬ್ಬಾನ ಮಿಷನ್ ಎಣ್ಣೆ ಬಿಟ್ಟಿದ್ದಳಲ್ಲ, ಎರಡು ದಿನ ಬೆಣ್ಣೆಯ ಹಾಗೆ ತಿರುಗಿ ಆಮೇಲೆ ಪ್ಲಾಸ್ಟಿಕ್ಕೇ ಪುಡಿಪುಡಿಯಾಗಿ ಕೈಗೆ ಬಂತು, ದರ್ಜಿ ಮಗಳು ಎಲ್ಲಾದಕ್ಕೂ ಮಿಷನ್ ಎಣ್ಣಿನೇ ಮದ್ದು ಅಂತಾಳ ನೋಡು, ಎಂದು ಭಾಯಿ ಹೊಟ್ಟೆ ಹಿಡಿದುಕೊಂಡು ನಕ್ಕಿದ್ದ, ನಕ್ಕು ಮರುವಾರವೇ ಇನ್ನೊಂದು ತಂದಿದ್ದ. ಆ ಎರಡನೆಯದರಲ್ಲೇ ಒಂದು ದಿನ ಕೊನೆಯ ಮೂಲೆ ಕೂರದೆ ಸತಾಯಿಸಿದಾಗ ಅವಳು ಹೆಬ್ಬೆರಳಿನಿಂದ ಅದನ್ನು ಒತ್ತಿ ಇದ್ದಲ್ಲೇ ತಿರುಗಿಸಿ, ಭಾಯಿ ಆತು ನೋಡು, ಎಂದು ಓಡಿ ಬಂದಿದ್ದಳು, ಅವನ ಮುಖ ಸಪ್ಪಗಾಗಿತ್ತು, ಇದು ಬಿಡ್ಸಿದ್ದಲ್ಲಲೇ, ಕದ್ದಿದ್ದು, ಸುಮ್ಮನ ನ್ಯಾಯವಾಗಿ ತಿರುಗಿಸ್ಕೋಂತ ಹೋದ್ರ ಒಂದ ಮೂಲಿ ಒಂಟಿಯಾಗಿ ತಿರುಗಂಗೇ ಇಲ್ಲ, ಯಾರರ ಕೈ ಹಾಕಿದ್ರ ಮಾತ್ರ ತಿರುಗತೈತಿ, ಇನ್ನೊಮ್ಮೆ ಹಿಂಗ ಮಾಡಿದ್ರ ನೋಡು, ಹರಾಮ್ ಅದು. ಹರಾಮ್ ಅಂದಿದ್ದ, ತನ್ನ ಬಾಯಿಂದಲೇ ಅಂದಿದ್ದ, ಆವತ್ತಿನಿಂದ ಅವಳ ಹೆಬ್ಬೆರಳು ಆ ಕೆಲಸಕ್ಕೆ ಹೋಗಿಲ್ಲ, ಕಾಲೇಜಿನ ಆಟದಲ್ಲಿ ಹೋಗಿಲ್ಲ, ಹುಬ್ಬಳ್ಳಿಯಲ್ಲಿ ಗೆದ್ದಾಗ ಹೋಗಿಲ್ಲ, ಬೆಂಗಳೂರಿನಲ್ಲಿ ಸೋತಾಗಲೂ ಹೋಗಿಲ್ಲ. ಎಲ್ಲ ಕಡೆಯೂ ಭಾಯಿ ಜೊತೆಗಿದ್ದ, ಕ್ಯೂಬನ್ನು ತನ್ನ ಎರಡೂ ಅಂಗೈಯಲ್ಲಿ ಹಿಡಿದು ಬಿಸ್ಮಿಲ್ಲಾ ಎಂದು ಅವಳ ಕೈಗೆ ಇಡುತ್ತಿದ್ದ, ಅವನ ಕೈಯಿಂದ ಬಂದರೆ ಬರ್ಕತ್ತು, ಒಳ್ಳೆಯದೇ ಆಗುತ್ತದೆ ಎಂದು ಅವಳಿಗೆ, ಹುಚ್ಚು ನಂಬಿಕೆಯೋ ಏನೋ, ಇತ್ತು.

ಆ ನಂಬಿಕೆಯೇ ಇವತ್ತು ಅವಳ ಕುತ್ತಿಗೆಗೆ ಬಂದದ್ದು. ಎರ್ರಣ್ಣ ಸಾಹುಕಾರರು ನಡೆಸಿದ ಆಟ, ಊರ ತುಂಬ ಅವರ ಲಾರಿ, ಕಲ್ಯಾಣ ಮಂಟಪದ ತುಂಬ ಅವರ ಬ್ಯಾನರು, ಗೆದ್ದವರನ್ನು ಚೆನ್ನೈಗೆ, ದೇಶದ ದೊಡ್ಡ ಸ್ಪರ್ಧೆಗೆ ತಾವೇ ಕಳಿಸುತ್ತೇವೆಂದು ಸಾರಿದ್ದರು, ಅಬ್ಬಾ ಮೊದಲೇ ಹೇಳಿದ್ದ, ಇದೊಂದು ನೋಡಮ್ಮಾ, ಆಗ್ಲಿಲ್ಲಾಂದ್ರ ಆ ಆಟಕಿ ಎತ್ತಿಡು, ಗಂಡಿನ ಕಡೆಯವ್ರಿಗೆ ಎಷ್ಟಂತ ಕಾಯಿಸಾಕ ಆಗತೈತಿ. ಕೊನೆಯ ಸುತ್ತಿಗೆ ಉಳಿದವರು ಇಬ್ಬರೇ, ಅವಳು ಮತ್ತು ಸಾಹುಕಾರರ ಮಗ ಓಬಳೇಶ, ಪಾಪದ ಹುಡುಗ, ಬೆವರಿದ ಕೈಯನ್ನು ಪ್ಯಾಂಟಿಗೆ ಒರೆಸಿಕೊಳ್ಳುತ್ತ, ಅಕ್ಕಾ ನಿಮ್ಮ ಮುಂದ ನಂದೇನು ನಡೀತೈತ್ರಿ, ಎಂದಿದ್ದ. ಒಳಗಿನ ಕೋಣೆಯಲ್ಲಿ ಅವರವರ ಕ್ಯೂಬ್ ಕಲಸಿ, ಮೇಲೊಂದು ಡಬ್ಬಿ ಮುಚ್ಚಿ, ಯಾರಾದರೊಬ್ಬರು ಹೊತ್ತು ತಂದು ಮೇಜಿನ ಮೇಲೆ ಇಡಬೇಕು, ತೀರ್ಪುಗಾರರಾದ ಗಣಿತದ ಮೇಷ್ಟ್ರು ಸತ್ಯಾತ್ಮ ಬೇಡವೆಂದೇ ಅಂದಿದ್ದರು, ಮನಿಯವರು ತರಬಾರದಮ್ಮಾ, ನಿನಗ ಸಹಾಯ ಮಾಡಿದ್ರು ಅಂತ ನಾಳೆ ಯಾರಾದ್ರೂ ಅಂದಾರು. ಅವಳೇ, ಹೌದು ಅವಳೇ, ಕೈಮುಗಿದು ಕೇಳಿಕೊಂಡಳು, ಸಾರ್, ನಮ್ಮಣ್ಣನ ಕೈಯಿಂದನ ಬರ್ಲಿ ಸಾರ್. ಸಹಾಯ ಮಾಡಿಯಾರು ಎಂದು ಹೆದರಿದರು ಮೇಷ್ಟ್ರು, ಎಂಥ ಮುಗ್ಧರು, ಅವಳಿಗಿಂತ ಮುಗ್ಧರು. ಭಾಯಿ ಡಬ್ಬಿಯ ಅಡಿಗೆ ಕೈಯಿಟ್ಟು ಹೊತ್ತು ಪರದೆ ಸರಿಸಿ ಬಂದ, ಮೆಟ್ಟಿಲು ಹತ್ತುವಾಗ ಟಕ್ ಎಂದಿತು ಏನೋ, ಡಬ್ಬಿ ಕ್ಯೂಬಿಗೆ ತಾಗಿತೇನೋ ಅಂದುಕೊಂಡಳು, ಮೇಜಿನ ಮೇಲಿಟ್ಟ, ಬಿಸ್ಮಿಲ್ಲಾ ಅನ್ನಲಿಲ್ಲ, ಜನ ಇದ್ದಾರೆಂದು ನಾಚಿಕೆಯಿರಬೇಕು ಅಂದುಕೊಂಡಳು, ಎಷ್ಟೆಲ್ಲ ಅಂದುಕೊಂಡಳು. ಡಬ್ಬಿ ಎತ್ತಿದರು, ಬೆರಳು ತಾವಾಗಿ ಓಡಿದವು, ಒಂದು ಪದರ, ಎರಡನೆಯದು, ಪಕ್ಕದಲ್ಲಿ ಓಬಳೇಶ ಇನ್ನೂ ತಡಕಾಡುತ್ತಿದ್ದ, ಕೊನೆಯ ಪದರ — ಒಂದು ಮೂಲೆ. ಇನ್ನೊಮ್ಮೆ ಸುತ್ತು ಹಾಕಿ ಬಂದಳು, ಅದೇ ಮೂಲೆ, ಜಾಗದಲ್ಲೇ ಕೂತು ಮುಖ ತಿರುವಿಕೊಂಡ ಮೂಲೆ. ಹೆಬ್ಬೆರಳಿನಿಂದ ಒತ್ತಿದ್ದರೆ ಮುಗಿದಿತ್ತು, ಅಷ್ಟು ಚುರುಕಿನಲ್ಲಿ ಯಾರ ಕಣ್ಣಿಗೂ ಬೀಳುತ್ತಿರಲಿಲ್ಲ, ಹೆಬ್ಬೆರಳು ಅಲ್ಲಿಯವರೆಗೆ ಹೋಯಿತು ಕೂಡ, ಹೋಗಿ ನಿಂತಿತು, ವೇದಿಕೆಯ ಅಂಚಿನಲ್ಲಿ ನಿಂತ ಭಾಯಿ ಆ ಬೆರಳನ್ನೇ ನೋಡುತ್ತಿದ್ದ, ಅದು ಒತ್ತುವುದಿಲ್ಲ ಎಂದು ಜಗತ್ತಿನಲ್ಲಿ ಗೊತ್ತಿದ್ದವನು ಅವನೊಬ್ಬನೇ.

ಕುರುಗೋಡು, ಕುರುಗೋಡು, ಕಂಡಕ್ಟರ್ ಕೂಗುತ್ತಾನೆ, ಭಾಯಿ ಇಳಿದು ಹೋಗಿ ಮಿರ್ಚಿ ಮಂಡಕ್ಕಿ ಕಟ್ಟಿಸಿಕೊಂಡು ಬರುತ್ತಾನೆ, ಪೊಟ್ಟಣ ಅವಳ ಕೈಗಿಟ್ಟು, ತಿನ್ನವಾ, ಬೆಳಿಗ್ಗೆಯಿಂದ ಏನೂ ತಿಂದಿಲ್ಲ, ಅನ್ನುತ್ತಾನೆ, ಇಂಥ ಅಣ್ಣ ಹಾಗೆ ಮಾಡುತ್ತಾನೆಯೇ, ಛೇ, ತನ್ನ ತಲೆಯೇ ಕೆಟ್ಟಿದೆ, ಕ್ಯೂಬ್ ತಾನಾಗಿ ಜಾರಿರಬೇಕು, ವೇಗದಲ್ಲಿ ಒಮ್ಮೊಮ್ಮೆ ಜಾರುತ್ತದೆ. ಸ್ಕ್ರೂ ಲೂಸ್ ಇದ್ವು, ಅದಕ ಮೂಲಿ ಜಾರೇತಿ, ಭಾಯಿಯೂ ಅದನ್ನೇ ಹೇಳುತ್ತಿದ್ದಾನೆ, ಬಾಯಿ ತುಂಬ ಮಂಡಕ್ಕಿ ಇಟ್ಟುಕೊಂಡು, ನಿನ್ನೆ ನಾನು ಕೈಯಾಗ ಹಿಡಿದಾಗ ಲೊಡಲೊಡ ಅಂತಿತ್ತು. ನಿನ್ನೆ ಹೌದು. ಇವತ್ತು ಬೆಳಿಗ್ಗೆ ಅವನು ಹಲ್ಲುಜ್ಜುವಾಗ ಅವಳು ಬಿಚ್ಚಿ, ಧೂಳು ತೊಳೆದು, ಒಂದೊಂದೇ ಸ್ಕ್ರೂ ಬಿಗಿ ಮಾಡಿದ್ದಳು, ಬಿಸಿಲಿಗೆ ಸಡಿಲಾದೀತೆಂದು ಇನ್ನೊಂದು ಸುತ್ತು ಹೆಚ್ಚೇ ಬಿಗಿ ಮಾಡಿದ್ದಳು, ಅವನಿಗೆ ಹೇಳಿರಲಿಲ್ಲ, ಈಗಲೂ ಹೇಳುವುದಿಲ್ಲ, ಹೇಳಿದರೆ ಅವನ ಮುಖ ನೋಡಬೇಕಾಗುತ್ತದೆ. ಮತ್ತ ಒಂದು ಖುಷಿ ಸುದ್ದಿ ಹೇಳಬೇಕಿತ್ತು ನೋಡು, ಎಂದು ಭಾಯಿ ಕಿಟಕಿಯ ಕಡೆ ತಿರುಗಿ ಹೇಳುತ್ತಾನೆ, ಸಾಹುಕಾರ್ರು ಸೋಮವಾರದಿಂದ ಅದಿರು ರಾಶಿ ಹಾಕೋ ಪ್ಲಾಟಿಗೆ ಸೂಪರ್‌ವೈಸರ್ ಅಂತ ಬಾ ಅಂದಾರ, ಓಡಾಡಾಕ ಜೀಪೂ ಕೊಡ್ತಾರ, ಅಬ್ಬಾ ಇನ್ನ ಕಣ್ಣು ಕಳಕೊಂಡು ಹೊಲಿಯೂದು ಬ್ಯಾಡ, ಎಲ್ಲಾ ಮನಿ ಸಲುವಾಗೇ ಅಲ್ಲೇನು ಆಸ್ಫಿ. ಯಾವಾಗ ಅಂದ್ರು ಭಾಯಿ, ಎಂದು ಅವಳ ಬಾಯಿ ಕೇಳಿತು, ಅವನು ಮಂಡಕ್ಕಿ ನುಂಗಿ, ನಿನ್ನೆ ಸಂಜಿಕಿ, ಅಂದ. ಅವಳು ಕೈಯಲ್ಲಿದ್ದ ಪೊಟ್ಟಣ ಮಡಚಿಟ್ಟಳು. ಕೇಳಿದ್ದರೆ ತಾನೇ ಸೋಲುತ್ತಿದ್ದಳಲ್ಲ, ಭಾಯಿ, ಒಂದು ಮಾತು ಕೇಳಬಾರದಿತ್ತೇ, ಮನೆಗೋಸ್ಕರ ಸೋಲು ಅಂದಿದ್ದರೆ ಅತ್ತುಕೊಂಡಾದರೂ ಸೋಲುತ್ತಿದ್ದಳು, ಅದನ್ನೂ ಕೇಳದೆ, ತಾನೇ ಕಲಿಸಿದ ನಿಯತ್ತನ್ನು ಹಿಡಿದೇ ಅವಳನ್ನು ಹೊಡೆದನಲ್ಲ.

ಸಿರಿಗೇರಿ ಕ್ರಾಸ್ ದಾಟಿತು, ಇಲ್ಲಿ ಲಾರಿಗಳಿಲ್ಲ, ಎರಡೂ ಕಡೆ ಭತ್ತದ ಗದ್ದೆ, ಗಾಳಿ ತಣ್ಣಗಿದೆ, ಅವಳು ಇನ್ನೂ ಒರೆಸುತ್ತಲೇ ಇದ್ದಾಳೆ, ಇಲ್ಲದ ಧೂಳನ್ನು. ಏನ್ ಅದನ್ನ ನೋಡಿಕೋಂತ ಕುಂತಿಯಲೇ, ಕೊಡಿಲ್ಲಿ, ಭಾಯಿ ಮಡಿಲಿನಿಂದ ಕ್ಯೂಬ್ ಎತ್ತಿಕೊಳ್ಳುತ್ತಾನೆ, ಬಾಯಿಗೆ ಅಭ್ಯಾಸ, ಬಿಸ್ಮಿಲ್ಲಾ ಅನ್ನುತ್ತಾನೆ, ಬೇಡ ಅನ್ನಬೇಕು ಅನ್ನುವಷ್ಟರಲ್ಲಿ ಅವನ ಹೆಬ್ಬೆರಳು ಮೂಲೆಯ ಮೇಲೆ ಕೂರುತ್ತದೆ, ಸಡಿಲ ಇದೆ ಅಂದವನು ಹಲ್ಲು ಕಚ್ಚಿ ಒತ್ತುತ್ತಾನೆ, ಇಷ್ಟು ಬಿಗಿ ಇದೆಯೆಂದು ಮೊದಲೇ ಗೊತ್ತಿದ್ದವನ ಹಾಗೆ —

ಟಕ್.

ಅದೇ ಸದ್ದು, ಮೆಟ್ಟಿಲ ಮೇಲಿನ ಸದ್ದು, ಡಬ್ಬಿ ತಾಗಿದ್ದಲ್ಲ. ತಗೋ, ಸರಿ ಆತು, ಎಂದು ಅವನು ಎರಡೂ ಅಂಗೈಯಲ್ಲಿ ಹಿಡಿದು ಕೊಡುತ್ತಿದ್ದಾನೆ, ಹಳದಿ ಪೂರ್ತಿ ಹಳದಿ, ಕೆಂಪು ಪೂರ್ತಿ ಕೆಂಪು, ಆಸ್ಫಿಯಾಳ ಕೈ ಏಳುವುದಿಲ್ಲ, ಅವಳಿಗೆ ಕಾಣುತ್ತಿರುವುದು ಆ ಮೂಲೆಯೇ, ಮುಖ ತಿರುವಿಕೊಂಡು ಕೂತ ಮೂಲೆ, ತನ್ನ ಜಾಗದಲ್ಲೇ, ತನ್ನ ಪಕ್ಕದಲ್ಲೇ, ಆ ಮೂಲೆ.