ಕೊಕ್ಕರೆಯ ಕಂಬಳಿ

ಮನೆ ಖಾಲಿ ಮಾಡಲು ಇಳಿಸುತ್ತಿದ್ದ ಮರದ ಬೀರು ಮೆಟ್ಟಿಲ ತಿರುವಿನಲ್ಲಿ ಸಿಕ್ಕಿಕೊಂಡಿತ್ತು. ಮೇಲಕ್ಕೂ ಹೋಗದು, ಕೆಳಕ್ಕೂ ಬಾರದು.

"ಕಾಲು ಕುಯ್ಯೋದೇ ಸರಿ. ಗರಗಸ ತನ್ನಿ," ಎಂದ ಮೇಸ್ತ್ರಿಯ ಬಾಮೈದ.

"ಅಯ್ಯೋ, ಅದು ನಮ್ಮಮ್ಮಂದು ಕಣಪ್ಪ!" ಎಂದಳು ಮನೆಯಾಕೆ ಮೇಲಿನಿಂದ.

ಗರಗಸ ಲಾರಿಯಲ್ಲಿತ್ತು. ತರಲು ಬಾಮೈದನೇ ಇಳಿದು ಹೋದ. ಲಾರಿಯ ಪಕ್ಕದಲ್ಲಿ ಅವನ ಭಾವ, ಎಲ್ಲರ ಬಾಯಲ್ಲೂ ಮೇಸ್ತ್ರಿ, ಮಡಚಿದ ಕಂಬಳಿಯ ಮೇಲೆ ಒಂಟಿ ಕಾಲಲ್ಲಿ ಕಣ್ಣು ಮುಚ್ಚಿ ನಿಂತಿದ್ದ.

"ಕೊಕ್ಕರೆ, ಕಂಬಳಿ ಇರೋದು ಸಾಮಾನಿಗೆ ಸುತ್ತೋಕೆ," ಎಂದು ಬಾಮೈದ ಅದರ ಅಂಚು ಹಿಡಿದೆಳೆದ. ಮೇಸ್ತ್ರಿ ಲಾರಿಯನ್ನು ಹಿಡಿದುಕೊಂಡು ಸಾವರಿಸಿಕೊಂಡ.

ಜನರ ಮನೆ ಸಾಮಾನು ಸಾಗಿಸುತ್ತಲೇ ಅವನ ಕೂದಲು ನರೆತಿತ್ತು. ಯಾವ ಮಂಚ ಯಾವ ಬಾಗಿಲಲ್ಲಿ ಹೇಗೆ ಹೊರಳಿದರೆ ಹೊರಬರುತ್ತದೆಂದು ನೋಡಿದೊಡನೆ ಹೇಳುತ್ತಿದ್ದ. ಬೇಸಿಗೆಯಲ್ಲಿ ಕಿವಿಯೊಳಗೆ ಸೋಂಕಾಗಿ ತಲೆಸುತ್ತು ಹಿಡಿಯಿತು. ಸುತ್ತು ನಿಂತರೂ ನಡಿಗೆ ವಾಲುತ್ತಿತ್ತು. ಅದಕ್ಕಿಂತ ಕೆಟ್ಟದ್ದು, ಕಣ್ಣಳತೆ ಹೋಗಿತ್ತು. ಒಂದು ನಿಲುಗನ್ನಡಿಯನ್ನು ಸೀದಾ ಬಾಗಿಲ ಚೌಕಟ್ಟಿಗೆ ಹೊಡೆಸಿದ. ಅಂದಿನಿಂದ ಲಾರಿ ಕಾಯುವ ಕೆಲಸ. ಈ ವಾರ ಕಳೆದರೆ ಅದೂ ಇಲ್ಲ ಎಂದು, ಈಗ ಕೆಲಸ ನಡೆಸುತ್ತಿದ್ದ ಬಾಮೈದ ತನ್ನ ಅಕ್ಕನಿಗೆ ಹೇಳಿಯಾಗಿತ್ತು.

ಒಂಟಿ ಕಾಲಿನ ಪಾಠ ಆಸ್ಪತ್ರೆಯಲ್ಲಿ ವ್ಯಾಯಾಮ ಹೇಳಿಕೊಡುವ ಹುಡುಗಿಯದು. ಮೆತ್ತಗಿರುವುದರ ಮೇಲೆ ನಿಂತು ನಿಂತು ಮೈ ಸಮತೋಲ ಕಲಿತರೆ, ಮಿದುಳು ಜಾಗ, ದಿಕ್ಕು, ಅಳತೆಗಳನ್ನೂ ಮತ್ತೆ ಹಿಡಿಯಬಹುದು ಅಂದಿದ್ದಳು.

"ಹಿಡಿಯಬಹುದು ಅಂದ್ರೆ ಹಿಡೀದೇನೂ ಇರಬಹುದು," ಎಂದು ಬಾಮೈದ ಅಂದೇ ನಕ್ಕಿದ್ದ. "ಬುದ್ಧಿ ಪಾದದಲ್ಲಿರೋನಿಗೆ ಟೋಪಿ ಯಾಕೆ, ಚಪ್ಪಲಿ ಸಾಕು."

ಈಗ ಗರಗಸ ಕಂಡು ಮೇಸ್ತ್ರಿ ಅವನ ಹಿಂದೆಯೇ ಮೆಟ್ಟಿಲು ಹತ್ತಿದ. ಕಂಬಿ ಹಿಡಿಯದೆ ಹತ್ತಿದ್ದನ್ನು ಯಾರೂ ಗಮನಿಸಲಿಲ್ಲ. ಬೀರನ್ನು ನೋಡಿದ. ಕಣ್ಣು ಮುಚ್ಚಿದ. ಬೆಂಕಿಪೊಟ್ಟಣ ಹಿಡಿದವನಂತೆ ಬೆರಳುಗಳು ಗಾಳಿಯಲ್ಲಿ ಹೊರಳಿದವು.

"ಬೆನ್ನು ಗೋಡೆಗೆ... ಅಲ್ಲ, ತಡಿ."

"ಕೊಕ್ಕರೆ ಮೀನು ಹುಡುಕ್ತಿದೆ, ಸದ್ದು ಮಾಡಬೇಡ್ರೋ," ಎಂದ ಬಾಮೈದ. ಬೀರಿನ ಎರಡು ತುದಿ ಹಿಡಿದಿದ್ದ ಹಮಾಲರು ಬೆವರಿನ ನಡುವೆಯೂ ನಕ್ಕರು.

"ತಲೆಕೆಳಗೆ ಮಾಡಿ ನೆಟ್ಟಗೆ ನಿಲ್ಲಿಸಿ," ಎಂದ ಮೇಸ್ತ್ರಿ. "ಕಾಲು ಮೇಲೆ ಬಂದ್ರೆ ಕಂಬಿಗೆ ತಾಗಲ್ಲ. ಆಗ ತಿರುಗಿಸಿ."

"ಇನ್ನೊಂದು ಕನ್ನಡಿ ಕತೆ ಆಗುತ್ತೆ ನೋಡು."

"ಒಂದ್ಸಲ ನೋಡಪ್ಪ," ಎಂದಳು ಮನೆಯಾಕೆ. "ಕುಯ್ಯೋದು ಇದ್ದೇ ಇದೆಯಲ್ಲ."

ಬಾಮೈದ ಗರಗಸ ಕೆಳಗಿಟ್ಟ. ಬೀರು ತಲೆಕೆಳಗಾಗಿ ನಿಂತಿತು. ನಾಲ್ಕು ಕಾಲುಗಳೂ ಕಂಬಿಯ ಮೇಲಿನಿಂದ ನಿಧಾನವಾಗಿ ಹಾದು, ಸುಣ್ಣವನ್ನೂ ಕೆರೆಯದೆ ಈಚೆಗೆ ಬಂದವು.

ಮೇಸ್ತ್ರಿ ತನ್ನ ಹಳೆಯ ಜಾಗಕ್ಕೆ, ಭಾರವೆಲ್ಲ ಬಂದು ಬೀಳುವ ಕೆಳತುದಿಗೆ, ಕೈ ಹಾಕಿದ.

"ಸರಿ ಆಚೆ!" ಬಾಮೈದ ಮೊಣಕೈಯಿಂದ ತಳ್ಳಿದ. "ಬೀರೂ ಹೊರಬೇಕು, ನಿನ್ನನ್ನೂ ಹೊರಬೇಕಾ?" ಎಂದು ತಾನೇ ಕೆಳಗೆ ನಿಂತು ಭುಜ ಕೊಟ್ಟ.

"ನಿಮ್ಮ ಮೇಸ್ತ್ರಿಗೆ ತಲೆ ಚೆನ್ನಾಗಿ ಓಡುತ್ತಪ್ಪ," ಎಂದಳು ಮನೆಯಾಕೆ, ಮೊದಲ ಲೋಟ ನೀರನ್ನು ಮೇಸ್ತ್ರಿಗೇ ಕೊಡುತ್ತ.

"ಓಡುತ್ತಮ್ಮ. ಕಾಲು ಒಂದು ಓಡಲ್ಲ," ಎಂದ ಬಾಮೈದ ಮೆಟ್ಟಿಲ ಕೆಳಗಿನಿಂದ, ಏದುಸಿರಿನಲ್ಲಿ.

ಸಂಜೆ ಹೊಸ ಮನೆಯಲ್ಲಿ ಎಲ್ಲ ಇಳಿಸಿದ ಮೇಲೆ ಬಾಮೈದ ಬೀರಿಗೆ ಸುತ್ತಿದ್ದ ಕಂಬಳಿ ಬಿಚ್ಚಿ ಕೊಡವಿದ. ನಾಲ್ಕು ಮಡಿಕೆ ಮಾಡಿ ಲಾರಿಯ ಪಕ್ಕದ ನೆಲಕ್ಕೆ ಎಸೆದ.

"ನಿಲ್ಲು, ಕೊಕ್ಕರೆ. ನಾಳೆದು ಮೂರನೇ ಮಹಡಿ."

ಮೇಸ್ತ್ರಿ ಚಪ್ಪಲಿ ಕಳಚಿ ಕಂಬಳಿ ಹತ್ತಿದ. ಒಂದು ಕಾಲೆತ್ತಿ ಕಣ್ಣು ಮುಚ್ಚಿದ. ಬಾಮೈದ ರಸ್ತೆಯ ಕಡೆಗೆ ಮುಖ ತಿರುಗಿಸಿಕೊಂಡು, ಕೈಗೆಟುಕುವಷ್ಟು ಹತ್ತಿರದಲ್ಲಿ, ಲಾರಿಗೆ ಒರಗಿ ನಿಂತ.