ಅಣ್ಣನ ಹೆಸರಿನ ಕರೆಂಟು

ಅಣ್ಣ ಹೋದನೆಂಬ ಸುದ್ದಿ ಬಂದ ಬೆಳಿಗ್ಗೆ ತಂಗಿ ಕಚೇರಿಯಲ್ಲಿ ಹೊಸಬರಿಗೆ ಕೆಲಸ ಹೇಳಿಕೊಡುತ್ತಿದ್ದಳು. ಸೇವಾ ವಿನ್ಯಾಸ ಅವಳ ಕಸುಬು. ಯಾವುದೇ ಕಚೇರಿಯ ಬಾಗಿಲಿಗೆ ಬಂದ ಮನುಷ್ಯ ಅಲೆದಾಡದೆ, ಬೈಸಿಕೊಳ್ಳದೆ, ಬಂದ ಕೆಲಸ ಮುಗಿಸಿಕೊಂಡು ಮನೆಗೆ ಹೋಗುವಂತೆ ದಾರಿ ಮಾಡಿಕೊಡುವುದು.

"ಇದಕ್ಕೆ ಮುಖ್ಯವಾಗಿ ಏನು ಬರ್ಬೇಕು ಮೇಡಂ?" ಎಂದು ಒಬ್ಬಳು ಕೇಳಿದಳು.

"ಬಾಯಿ ಮುಚ್ಕೊಂಡು ಕೂತ್ಕೊಳ್ಳೋಕೆ ಬರ್ಬೇಕು. ನಮ್ಮಣ್ಣ ಹೇಳೋದು, ನನಗೆ ಅದೊಂದು ಬಿಟ್ಟು ಮಿಕ್ಕಿದ್ದೆಲ್ಲ ಬರುತ್ತಂತೆ."

ಎಲ್ಲರೂ ನಗುತ್ತಿರುವಾಗಲೇ ಆಸ್ಪತ್ರೆಯಿಂದ ಫೋನು ಬಂತು.

ಅವಳನ್ನು ಈ ಕಸುಬಿಗೆ ಎಳೆದು ತಂದವನೇ ಅಣ್ಣ. ಹಿಂದೆ ಅಪ್ಪ ತೀರಿಕೊಂಡಾಗ ಇಬ್ಬರೂ ಕಚೇರಿಯಿಂದ ಕಚೇರಿಗೆ ತಿರುಗಿ, ಕಂಡಕಂಡವರ ಮುಂದೆ "ಅಪ್ಪ ಹೋದ್ರು" ಎಂದು ಹೇಳಿ ಹೇಳಿ ಹಣ್ಣಾಗಿದ್ದರು. ಆ ಪಾಡು ಇನ್ನೊಬ್ಬರಿಗೆ ಬೇಡವೆಂದು, ಊರಿನ ಆಡಳಿತದ ಕೆಲಸ ಕೈಗೆ ಬಂದಾಗ ಒಂದೇ ಕಿಟಕಿಯ ಏರ್ಪಾಡು ಮಾಡಿದರು. ಸಾವಿನ ಸುದ್ದಿಯನ್ನು ಅಲ್ಲಿ ಒಮ್ಮೆ ಹೇಳಿದರೆ ಸಾಕು. ನೀರು, ಕರೆಂಟು, ಬ್ಯಾಂಕು, ಪಿಂಚಣಿ, ಎಲ್ಲ ಕಡೆಗೂ ಅದು ತಾನಾಗಿಯೇ ಮುಟ್ಟುತ್ತಿತ್ತು.

ಅಂತ್ಯಕ್ರಿಯೆಯ ಮಾರನೆಯ ದಿನ ಅವಳೂ ಆ ಕಿಟಕಿಗೆ ಹೋಗಿ ಒಮ್ಮೆ ಹೇಳಿದಳು. ಗುಮಾಸ್ತ ಎದ್ದು ನಿಂತು ಕೈಮುಗಿದ. ಕುಳಿತ ಕುರ್ಚಿ ಬಿಸಿಯಾಗುವ ಮುಂಚೆ ಕೆಲಸ ಮುಗಿದಿತ್ತು. ಆ ದುಃಖದಲ್ಲೂ ಅಣ್ಣನ ಕೆಲಸದ ಬಗ್ಗೆ ಎದೆ ತುಂಬಿ ಬಂತು.

ಮಧ್ಯಾಹ್ನ ಅಣ್ಣನ ಮನೆಯಲ್ಲಿ ಕರೆಂಟು ಹೋಯಿತು.

ಅತ್ತಿಗೆ ಉಬ್ಬಸದವರು. ಸಂಜೆಯಾದರೆ ಔಷಧಿಯ ಆವಿ ಎಳೆದುಕೊಳ್ಳುವ ಯಂತ್ರಕ್ಕೆ ಮುಖ ಕೊಡಲೇಬೇಕು, ಇಲ್ಲದಿದ್ದರೆ ಎದೆ ಕಟ್ಟುತ್ತದೆ. ಅವರು ಎರಡು ದಿನದಿಂದ ಅತ್ತಿರಲಿಲ್ಲ. ಯಾರ ಫೋನು ಬಂದರೂ ಮಾತಾಡದೆ ನಾದಿನಿಯ ಕೈಗೆ ಕೊಟ್ಟುಬಿಡುತ್ತಿದ್ದರು.

"ನೋಡೇ, ಹೋಗ್ತಾ ದೀಪ ಆರಿಸ್ಕೊಂಡೇ ಹೋದ್ರು ನಿಮ್ಮಣ್ಣ," ಎಂದರು ಅತ್ತಿಗೆ. "ನಾನು ರೂಮು ಬಿಟ್ಟು ಹೊರಡೋದೇ ತಡ, ಹಿಂದೆನೇ ಬಂದು ಸ್ವಿಚ್ಚು ಆರಿಸೋರು."

ಪಕ್ಕದ ಮನೆಯಲ್ಲಿ ಫ್ಯಾನು ತಿರುಗುತ್ತಿತ್ತು. ತಂಗಿಗೆ ತಟ್ಟನೆ ಹೊಳೆಯಿತು. ಕರೆಂಟು ಅಣ್ಣನ ಹೆಸರಿನಲ್ಲಿತ್ತು. ಕಿಟಕಿಯಲ್ಲಿ ಹೇಳಿದ ಸುದ್ದಿ ಮುಟ್ಟಿ ಸತ್ತವನ ಹೆಸರು ಮುಚ್ಚಿತು, ಅದರ ಜೊತೆಗೆ ಮನೆಯ ಕರೆಂಟೂ ಕಡಿಯಿತು. ಸುದ್ದಿ ಹೇಳಲು ಬಂದವರು ಹೇಗೆ ನಡೆಯುತ್ತಾರೆ, ಎಲ್ಲಿ ನಿಲ್ಲುತ್ತಾರೆ ಎಂದು ಅಣ್ಣತಂಗಿ ತಿಂಗಳುಗಟ್ಟಲೆ ಕುಳಿತು ನೋಡಿದ್ದರು. ಮನೆಯಲ್ಲೇ ಉಳಿದವರನ್ನು ಯಾರೂ ನೋಡಿರಲಿಲ್ಲ.

ಅವಳು ಓಡಿಹೋದಾಗ ಕರೆಂಟು ಕಚೇರಿಯ ಅಧಿಕಾರಿ ಊಟ ಮುಗಿಸಿ ಆಗಷ್ಟೇ ಬಂದಿದ್ದ.

"ಹೆಸರು ಬದಲಾಯಿಸಿದ್ರೆ ಈಗಲೇ ಕೊಡಿಸ್ತೀನಮ್ಮಾ. ಆದ್ರೆ ಮನೇಲಿರೋರೇ ಹೇಳ್ಬೇಕು. ಫೋನಲ್ಲಾದ್ರೂ ಸರಿ."

"ನಾನು ಸ್ವಂತ ತಂಗಿ. ನಾನು ಹೇಳಿದ್ರೆ ಆಗಲ್ವಾ?"

"ನೀವು ಆ ಮನೇಲಿದೀರಾ?"

ಜಗಳವಾಡಲು ಅವಳಲ್ಲಿ ಕಸುವಿರಲಿಲ್ಲ. ಅತ್ತಿಗೆಗೆ ಫೋನು ಮಾಡಿ, ಮಾತು ಎಲ್ಲರಿಗೂ ಕೇಳುವಂತೆ ಮೇಜಿನ ಮೇಲಿಟ್ಟಳು.

"ಕರೆಂಟು ನಿಮ್ಮ ಹೆಸರಿಗೆ ಬೇಕಾ ತಾಯಿ?"

"ಹೂಂ."

"ಈಗಿರೋ ಹೆಸರು ಯಾಕೆ ತೆಗೀಬೇಕು? ಕಾರಣ ನಿಮ್ಮ ಬಾಯಿಂದಲೇ ಬರ್ಬೇಕು ತಾಯಿ."

ಆ ಕಡೆಯಿಂದ ಉಸಿರಷ್ಟೇ ಕೇಳಿಸಿತು. ಅದು ಆಗಲೇ ಸುಯ್ಗುಡುತ್ತಿತ್ತು. ಅಧಿಕಾರಿ "ಹಲೋ" ಎನ್ನಲು ಬಾಯಿ ತೆರೆದ. ತಂಗಿ ಕೈಯೆತ್ತಿ ತಡೆದಳು. 'ಅಣ್ಣ ಹೋದ' ಎಂದು ತಾನೇ ಹೇಳಿಬಿಡೋಣವೆಂದು ಮಾತು ಅವಳ ಗಂಟಲಿನವರೆಗೂ ಬಂತು. ಹಲ್ಲು ಕಚ್ಚಿಕೊಂಡಳು. ಹಿಂದಿನ ಸಾಲಿನಲ್ಲಿ ಯಾರೋ ಗೊಣಗಿದರು.

"ಅವರು..." ಎಂದರು ಅತ್ತಿಗೆ. "ಅವರು ತೀರ್ಕೊಂಡ್ರು. ನಮ್ಮನೆಯವರು ತೀರ್ಕೊಂಡ್ರು."

ಬಳಿಕ ಫೋನಿನಲ್ಲಿ ಅಳು ಕೇಳಿಸಿತು. ಅಧಿಕಾರಿ ತಲೆ ತಗ್ಗಿಸಿ ಹೆಸರು ಬರೆದುಕೊಂಡ.

ಹೊರಗೆ ಬರುವಾಗ ಅವಳು ಕಚೇರಿಗೆ ಫೋನು ಮಾಡಿದಳು. "ಕಿಟಕಿಯಿಂದ ಕರೆಂಟಿಗೂ ನೀರಿಗೂ ಸುದ್ದಿ ಕಳಿಸೋದು ಇವತ್ತೇ ನಿಲ್ಲಿಸಿ. ಮನೇಲಿ ಯಾರಿದ್ದಾರೆ ಅಂತ ಕೇಳದೆ ಯಾವುದನ್ನೂ ಮುಚ್ಚಬಾರದು. ಈಗಾಗಲೇ ಹೀಗೆ ಕರೆಂಟು, ನೀರು ನಿಂತಿರೋ ಮನೆಗಳಿಗೆಲ್ಲ ನಾಳೆಯಿಂದ ನಾವೇ ಹೋಗೋಣ." ಆ ಮನೆಗಳ ಬಾಗಿಲುಗಳನ್ನು ನೆನೆದೇ ಅವಳಿಗೆ ಸುಸ್ತಾಯಿತು.

ಮನೆ ಮುಟ್ಟಿದಾಗ ಯಂತ್ರ ಗುಂಯ್‌ಗುಡುತ್ತಿತ್ತು. ಅತ್ತಿಗೆಯ ಕಣ್ಣು ಊದಿಕೊಂಡಿತ್ತು, ಉಸಿರು ಮಾತ್ರ ಹದಕ್ಕೆ ಬಂದಿತ್ತು. ಅವರು ಪಕ್ಕಕ್ಕೆ ಸರಿದು ಜಾಗ ಕೊಟ್ಟರು. ತಂಗಿ ಕುಳಿತು, ಗೋಡೆಗೆ ತಲೆಯಾನಿಸಿ ಕಣ್ಣು ಮುಚ್ಚಿದಳು.

ದೇವರೇ, ನನ್ನಣ್ಣ ಬಹಳ ದಣಿದು ನಿನ್ನ ಹತ್ತಿರ ಬಂದಿದ್ದಾನೆ. ಏನನ್ನೂ ಕೇಳದೆ ಒಳಗೆ ಕರೆದುಕೊ. ಅವನ ತಪ್ಪುಗಳನ್ನು ಮನ್ನಿಸು. ಅವನ ಜೀವಕ್ಕೆ ಶಾಂತಿ ಕೊಡು.