ನಂದಕುಮಾರನ ಎರಡನೇ ಮೇಲ್ಮನವಿ

ಹದಿನೇಳು ವರ್ಷ ಫಿರಂಗಿಗಳ ಪಕ್ಕ ನಿಂತು ಕಿವಿ ಕಳೆದುಕೊಂಡು ಬಂದ ಹವಾಲ್ದಾರ್ ನಂದಕುಮಾರ್, ಆಮೇಲಿನ ಮೂರು ವರ್ಷ ಕಿವಿ ಹೋಗಿದೆ ಎಂದು ಸಾಬೀತು ಮಾಡುವುದರಲ್ಲೇ ಸವೆದುಹೋಗಿದ್ದ. ಅಂಗವೈಕಲ್ಯ ಪಿಂಚಣಿಯ ಅರ್ಜಿ ತಿರಸ್ಕೃತವಾಯಿತು. ಮೊದಲ ಮೇಲ್ಮನವಿಯದೂ ಅದೇ ಗತಿ. ಎರಡನೆಯದೂ ಹೋದರೆ ಮುಂದೆ ಕೋರ್ಟು, ವಕೀಲರು. ಅಷ್ಟು ದೂರ ಹೋಗುವ ತ್ರಾಣ ಅವನಲ್ಲಿ ಉಳಿದಿರಲಿಲ್ಲ.

ತಪ್ಪು ಯಾರದು ಅಂದರೆ, ಅರ್ಧ ಅವನದೇ. ದೊಡ್ಡಬಳ್ಳಾಪುರದ ಮಗ್ಗದ ಮನೆಯಲ್ಲಿ ಹುಟ್ಟಿದವನು. ಆರು ಪವರ್‌ಲೂಮು ಒಟ್ಟಿಗೆ ಬಡಿಯುವ ಮನೆಯಲ್ಲಿ ಯಾರೂ ಕಿವಿಯಿಂದ ಕೇಳುವುದಿಲ್ಲ, ಎದುರಿನವರ ತುಟಿ ನೋಡಿಯೇ ಮಾತು ತಿಳಿಯುತ್ತಾರೆ. ಅದನ್ನು ಮಕ್ಕಳಿಗೆ ಯಾರೂ ಕಲಿಸಬೇಕಿಲ್ಲ, ತಾನಾಗೇ ಬಂದುಬಿಡುತ್ತದೆ. ಸೈನ್ಯಕ್ಕೆ ಹೋದ ಮೇಲೆ ಹಿಂದಿ ಮಾತಾಡುವ ತುಟಿಗಳೂ ಅಭ್ಯಾಸವಾದವು. ಹೀಗಾಗಿ ಎರಡು ಸಲವೂ ಮಿಲಿಟರಿ ಡಾಕ್ಟರು ಕೇಳಿದ್ದಕ್ಕೆಲ್ಲ ಈ ಮಹಾಶಯ ಎದೆ ಸೆಟೆಸಿಕೊಂಡು ಪಟಪಟನೆ ಉತ್ತರ ಕೊಟ್ಟು ಬಂದಿದ್ದ. ಯಂತ್ರ ಕಿವುಡು ಎಂದಿತು, ಡಾಕ್ಟರು ನಟನೆ ಎಂದರು. ಕಡತದಲ್ಲಿ 'ಸಹಜವಾಗಿ ಸಂಭಾಷಿಸುತ್ತಾರೆ' ಎಂಬ ಷರಾ ಬಿತ್ತು.

"ಈ ಸಲ ಅವ್ರ ಬಾಯಿ ನೋಡ್ಬೇಡ್ರೀ. ಕಣ್ಣು ಮುಚ್ಕೊಂಡ್ಬಿಡಿ," ಎಂದಳು ಹೆಂಡತಿ ಮೇಘನ, ಆಸ್ಪತ್ರೆಯ ಬೆಂಚಿನ ಮೇಲೆ.

"ಆಫೀಸರ್ ಮುಂದೆ ಕಣ್ಮುಚ್ಕೊಂಡು ನಿಂತ್ಕೊಳ್ಳೋದಾ? ನಾಟಕ ಆಡ್ದಂಗಾಗುತ್ತೆ ಕಣೇ."

"ಇಷ್ಟು ದಿನ ಆಡಿದ್ದೇ ನಾಟಕ. ಕೇಳಿಸ್ದೇ ಇದ್ರೂ ಕೇಳ್ಸಿದಂಗೆ."

ಅವನಿಗೆ ಸಿಟ್ಟು ಬಂತು. ಮಾತು ನಿಜವಾದ್ದರಿಂದ ಇನ್ನೂ ಜಾಸ್ತಿಯೇ ಬಂತು.

ಒಳಗೆ ಹೊಸ ಡಾಕ್ಟರು, ಒಬ್ಬ ಮೇಜರ್. ಮೇಘನಳನ್ನೂ ಒಳಗೆ ಕರೆದರು. ನಂದಕುಮಾರ್ ಸೆಲ್ಯೂಟ್ ಹೊಡೆದು, ತನಗೆ ಬಂದ ಹಿಂದಿಯಲ್ಲಿ ಇದ್ದದ್ದನ್ನು ಇದ್ದ ಹಾಗೆ ಹೇಳಿಬಿಟ್ಟ. "ಸಾರ್, ನಾನು ತುಟಿ ನೋಡಿ ಮಾತು ತಿಳಿಯೋನು. ಕಣ್ಣು ಮುಚ್ಕೊಳ್ತೀನಿ. ಈಗ ಕೇಳಿ."

ಕಣ್ಣು ಮುಚ್ಚಿ ಕಾದ. ಸಾಹೇಬರು ಏನೋ ಬರೆಯುತ್ತಿರಬೇಕು, ಆಮೇಲೆ ಕೇಳುತ್ತಾರೆ ಎಂದುಕೊಂಡ. ಮಂಡಿ ನೋಯತೊಡಗಿತು. ಮೂರು ವರ್ಷ ಕಾದವನಿಗೆ ಇದೇನು ಮಹಾ ಎಂದು ನಿಂತೇ ಇದ್ದ. ಕಡೆಗೆ ಯಾರೋ ಭುಜ ಮುಟ್ಟಿದರು. ಕಣ್ಣು ಬಿಟ್ಟರೆ ಮೇಜರ್ ಎದುರಿಗೇ ನಿಂತಿದ್ದರು. ಆಯಿತು, ನೀವಿನ್ನು ಹೋಗಬಹುದು ಎಂದವು ತುಟಿಗಳು.

"ಸಾರ್, ನೀವಿನ್ನೂ ಏನೂ ಕೇಳೇ ಇಲ್ವಲ್ಲ!"

ಮೇಜರ್ ಮೇಘನಳ ಕಡೆ ಒಮ್ಮೆ ನೋಡಿ, ಕೂತು ಬರೆಯತೊಡಗಿದರು.

ದೊಡ್ಡಬಳ್ಳಾಪುರದ ಬಸ್ಸಿನಲ್ಲಿ ಅವನು ಕೇಳಿದ. "ಏನ್ ನಡೀತು ಅಲ್ಲಿ?"

ಅವಳು ಅವನಿಗೆ ಕಾಣುವಂತೆ ಮುಖ ತಿರುಗಿಸಿದಳು. "ಹೆಸ್ರು ಕೇಳಿದ್ರು, ಊರು ಕೇಳಿದ್ರು. ಆಮೇಲೆ ಜೋರಾಗಿ ಕೂಗಿದ್ರು. ಕಡೆಗೆ ನನ್ ಕೈಲಿ ಕೂಗ್ಸಿದ್ರು. ನಿಮ್ ಬೆನ್ಹಿಂದೇನೇ ನಿಂತು ಮೂರ್ ಸಲ ಕರೆದೆ."

"ನೀನಾ?"

"ಹೂಂ. ಗೆದ್ವಿ ಬಿಡ್ರೀ," ಎಂದು ಕಣ್ಣೊರೆಸಿಕೊಂಡಳು.

ಗೆದ್ದ ಖುಷಿ ಅವನಿಗೆ ಆಗಲಿಲ್ಲ. ಭಯವಾಯಿತು. ಇನ್ನೂ ಮಾತಾಡುತ್ತಲೇ ಇದ್ದ ಆ ತುಟಿಗಳನ್ನು ನೋಡುತ್ತ ಕೂತ. ಅವಳ ದನಿ ದಪ್ಪವಿತ್ತೋ ಸಣ್ಣಗಿತ್ತೋ, ಎಷ್ಟು ಹುಡುಕಿದರೂ ನೆನಪಾಗಲಿಲ್ಲ.